‘ಅವರು’ ಎಂದವರು ಯಾರು?

“ಇನ್ನೊಂದ್ಸಲ ಹಾಕಿ,” ಎಂದಳು ಕ್ಲೇಮಕ್ಕ.

ಹಲ್ಲಿನ ಡಾಕ್ಟರು ಮುಖ ಕಿವುಚಿದರು. ಬೇರೆಯವರ ಹಲ್ಲು ಕೀಳುವಾಗ ಕಣ್ಣು ಮಿಟುಕಿಸದ ಮನುಷ್ಯ, ತಮ್ಮದೇ ಕ್ಲಿನಿಕ್ಕಿನ ಫೋನು ಮುಟ್ಟಲು ಹಿಂದೆಮುಂದೆ ನೋಡುತ್ತಿದ್ದರು.

“ಆಗ್ಲೇ ಎಷ್ಟು ಸಲ ಕೇಳಿದ್ರಿ.”

“ಕೇಳಿದೆ. ಏನೋ ಒಂದು ಕಿವೀಲಿ ಚುಚ್ತಾ ಇದೆ, ಏನು ಅಂತ ಸಿಗ್ತಿಲ್ಲ. ಹಾಕಿ ಪರವಾಗಿಲ್ಲ.”

ಪೇಷೆಂಟುಗಳು ಮಾಡುವ ಕರೆಗಳೆಲ್ಲ ತಾನಾಗಿ ರೆಕಾರ್ಡ್ ಆಗುವ ಫೋನು ಅದು. ನಂಬರು ಕಾಣದ ಹಾಗೆ ಮಾಡಿ ಬೆದರಿಸಿದ ಮಹಾಶಯನಿಗೆ ಪಾಪ ಆ ಸಂಗತಿ ಗೊತ್ತಿರಲಿಲ್ಲ. ಡಾಕ್ಟರು ಗುಂಡಿ ಒತ್ತಿದರು. ಖಾಲಿ ಡ್ರಮ್ಮಿನೊಳಗಿಂದ ಬಂದ ಹಾಗೆ ದಪ್ಪನೆಯ ದನಿ ಕೋಣೆ ತುಂಬಿತು.

“ಆ ಟೀಚರಿಗೆ ನೀನು ದುಡ್ಡು ಕೊಟ್ಟಿದ್ದು ನಮಗೆ ಗೊತ್ತು ಕಣೋ. ಬಾಯಿ ಮುಚ್ಕೊಂಡು ವಾಪಸ್ ತಗೋ. ನಿನ್ನ ಜೊತೆ ಮನೇಲಿ ಇದ್ದಾರಲ್ಲ, ಅವರು ಯಾರು ಅಂತ ನಿಮ್ಮಮ್ಮನಿಗೆ ಹೇಳಬೇಕಾ? ಬೆಳಗ್ಗೆ ಒಬ್ಬರೇ ವಾಕಿಂಗ್ ಹೋಗ್ತಾರೆ. ಹುಷಾರಾಗಿರೋಕೆ ಹೇಳು ಅವರಿಗೆ.”

ಕರೆ ಕಟ್ಟಾಯಿತು. ಡಾಕ್ಟರು ತಾವೇ ಪೇಷೆಂಟಿನ ಕುರ್ಚಿಯಲ್ಲಿ ಒರಗಿ ಮೇಲಿನ ದೀಪ ನೋಡುತ್ತ ಕೂತರು.

ಇಂಥ ಕರೆ ಬಂದದ್ದು ನಾಲ್ವರಿಗೆ. ನಾಲ್ವರೂ ಬಳಗದವರು. ಬಳಗ ಎಂದರೆ ಸಂಘವಲ್ಲ, ಪಕ್ಷವಲ್ಲ. ಬಾಗಿಲಿಗೆ ಬೋರ್ಡಿಲ್ಲದ ಒಂದು ಗುಂಪು. ಜೊತೆಯಾಗಿ ಬಾಳುವ ಇಬ್ಬರು ಗಂಡಸರಾಗಲಿ, ಇಬ್ಬರು ಹೆಂಗಸರಾಗಲಿ, ಅವರಿಗೂ ಗಂಡ ಹೆಂಡಿರಿಗಿರುವ ಹಕ್ಕೆಲ್ಲ ಬೇಕು; ಒಬ್ಬರು ಆಸ್ಪತ್ರೆ ಸೇರಿದರೆ ಇನ್ನೊಬ್ಬರನ್ನು ಹೊರಗಿನ ಬೆಂಚಿನಲ್ಲಿ ಕೂರಿಸಬಾರದು ಎಂಬುದು ಅದರ ಬೇಡಿಕೆ. ಆ ಕಾನೂನು ಮಾಡಬೇಕಾದದ್ದು ರಾಜ್ಯದ ವಿಧಾನಸಭೆ. ಅದಕ್ಕೇ ರಾಜ್ಯದ ಉದ್ದಗಲಕ್ಕೂ ಇಂಥ ಬಳಗಗಳು ಹುಟ್ಟಿಕೊಂಡು, ಸಮಾನತೆಯ ಪರ ನಿಂತ ಒಬ್ಬೊಬ್ಬ ಅಭ್ಯರ್ಥಿಯನ್ನು ಹೆಗಲ ಮೇಲೆ ಹೊತ್ತಿದ್ದವು. ಈ ಊರಿನ ಪಾಲಿಗೆ ಬಂದವರು ವಿಜ್ಞಾನದ ಪಾಠ ಹೇಳುತ್ತಿದ್ದ ಟೀಚರು.

ಕೊಡುವವರು ದೊಡ್ಡ ಕುಳಗಳಲ್ಲ. ಕೊಟ್ಟದ್ದು ಚಿಕ್ಕ ಮೊತ್ತವಾದ್ದರಿಂದ ಹೆಸರು ಪ್ರಕಟವಾಗುವ ಹಾಗಿರಲಿಲ್ಲ, ಆ ಧೈರ್ಯದ ಮೇಲೆ ಕೊಟ್ಟವರು. ಈಗ ನಾಲ್ಕನೇ ಕರೆ ಬೇಕರಿಯವರ ಮನೆಗೆ ಹೋಗಿ, ಅದನ್ನು ಅವರ ಅಪ್ಪ ಎತ್ತಿ, ಕೇಳುತ್ತಿದ್ದ ಹಾಗೇ ಕುಸಿದು ಆಸ್ಪತ್ರೆ ಸೇರಿದ್ದರು. ಇನ್ನೂ ಪ್ರಜ್ಞೆ ಬಂದಿಲ್ಲ. ಬಳಗ ಗಡಗಡ ನಡುಗಿಹೋಗಿತ್ತು. ನಾಮಪತ್ರ ವಾಪಸು ಪಡೆಯಲು ನಾಳೆ ಕಡೆಯ ದಿನ. ಇವತ್ತು ಸಂಜೆ ಆರಕ್ಕೆ ವಕೀಲರ ಮನೆಯಲ್ಲಿ ಬಳಗದ ಸಭೆ. ಅಷ್ಟರೊಳಗೆ ಮನೆಮುರುಕ ಯಾರೆಂದು, ಪತ್ತೆಗೆ ಬಳಗವೇ ನೇಮಿಸಿದ ಕ್ಲೇಮಕ್ಕ ಹೇಳದಿದ್ದರೆ ಬಳಗ ಕೈ ಎತ್ತುತ್ತದೆ, ಟೀಚರು ಕಣದಿಂದ ಇಳಿಯುತ್ತಾರೆ.

“ಎದುರು ಪಕ್ಷದವರೇ ಬಿಡಿ. ಇನ್ಯಾರು ಮಾಡ್ತಾರೆ?” ಎಂದರು ಡಾಕ್ಟರು.

“ಎದುರು ಪಕ್ಷದವರು ನಿಮ್ಮನೆ ಗೋಡೆ ಮೇಲೆ ಬರೆದಿದ್ರಲ್ಲ ಹೋದ ತಿಂಗಳು, ಏನಂತ ಬರೆದಿದ್ರು?”

“ಅದನ್ನ ಬಾಯಲ್ಲಿ ಬೇರೆ ಹೇಳಬೇಕಾ?”

“ಪೂರ್ತಿ ಬೇಡ. ನಿಮ್ಮ ಜೊತೆಗಾರರನ್ನ ಏನಂದಿದ್ರು? ಅವನು ಅಂತಾನಾ, ಅವರು ಅಂತಾನಾ?”

ಡಾಕ್ಟರು ಕುರ್ಚಿಯಿಂದ ಬೆನ್ನು ಎತ್ತಿದರು.

“ನಿಮ್ಮನ್ನ ‘ನೀನು’, ‘ಕಣೋ’ ಅಂದು ನೀರಿಳಿಸಿದ ಮನುಷ್ಯ,” ಎಂದಳು ಕ್ಲೇಮಕ್ಕ, “ನಿಮ್ಮ ಜೊತೆಗಾರರ ಮಾತು ಬಂದ ತಕ್ಷಣ ಬಹುವಚನಕ್ಕೆ ಹತ್ತಿದಾನೆ. ಇದ್ದಾರಲ್ಲ, ಹೋಗ್ತಾರೆ, ಅವರಿಗೆ ಹೇಳು. ಒಂದು ಕಡೇನೂ ತಪ್ಪಿಲ್ಲ. ಬೈಯೋಕೆ ಬಂದವನಿಗೆ ಇಷ್ಟು ಮರ್ಯಾದೆ ಯಾಕೆ ಬೇಕಿತ್ತು?”

ಇದು ಯಾಕೆ ದೊಡ್ಡ ಮಾತು ಎಂದು ಹೊರಗಿನವರಿಗೆ ಹೊಳೆಯಲಿಕ್ಕಿಲ್ಲ. ಬಳಗದಲ್ಲಿ ಯಾರೂ ಇನ್ನೊಬ್ಬರ ಜೊತೆಗಾರರನ್ನು ಅವನು, ಅವಳು ಎನ್ನುವುದಿಲ್ಲ. ಎಲ್ಲರೂ ‘ಅವರು’. ಆಫೀಸಿನಲ್ಲಿ, ಬಸ್ಸಿನಲ್ಲಿ, ನೆಂಟರ ನಡುವೆ ಇವರೆಲ್ಲ ತಲೆ ಉಳಿಸಿಕೊಂಡದ್ದೇ ಈ ಒಂದು ಮಾತಿನ ಮರೆಯಲ್ಲಿ. ‘ಅವರಿಗೆ ಜ್ವರ’, ‘ಅವರು ಊರಲ್ಲಿಲ್ಲ’ ಎಂದರೆ ಗಂಡೋ ಹೆಣ್ಣೋ, ಕೇಳಿದವರು ತಮಗೆ ತೋಚಿದ್ದನ್ನು ತುಂಬಿಕೊಂಡು ಸುಮ್ಮನಾಗುತ್ತಾರೆ. ನಮ್ಮ ಭಾಷೆ ಈ ಮಂದಿಗೆ ಮಾಡಿದ ಉಪಕಾರ ಸಣ್ಣದಲ್ಲ. ವರ್ಷಗಟ್ಟಲೆ ಹಾಗೇ ಆಡಿ ಆಡಿ ನಾಲಿಗೆ ಆ ದಾರಿಗೇ ಬಿದ್ದಿರುತ್ತದೆ, ಬೆದರಿಕೆ ಹಾಕುವಾಗಲೂ ಮಾತು ಕೇಳುವುದಿಲ್ಲ.

“ಅಂದ್ರೆ ನಮ್ಮೋರೇನಾ?” ಡಾಕ್ಟರ ದನಿ ಸಣ್ಣಗಾಯಿತು. “ಹಾಗಾದ್ರೆ ವಕೀಲರು ಹೇಳಿದ್ದೇ ನಿಜ ಆಯ್ತಲ್ಲ.”

ಬಳಗದ ಹಿರಿಯರಾದ ವಕೀಲರು ಹೇಳಿದ್ದೇನೆಂದು ಕ್ಲೇಮಕ್ಕನಿಗೆ ಗೊತ್ತು. ಬಳಗದಲ್ಲಿ ಕೊಡುವವರ ಹೆಸರು ಎಲ್ಲರಿಗೂ ತಿಳಿಯುವುದಿಲ್ಲ. ಅವರನ್ನು ಚಹಾಕ್ಕೆ ಕರೆದು, ಮಾತಾಡಿಸಿ, ಒಳಗೆ ತಂದ ಒಬ್ಬರಿಗೆ ಮಾತ್ರ ತಿಳಿದಿರುತ್ತದೆ. ಕರೆ ಬಂದ ನಾಲ್ವರನ್ನೂ ತಂದದ್ದು ಒಬ್ಬರೇ, ಕಂಠದವರು. ಸಿನಿಮಾಕ್ಕೆ, ಕಾರ್ಟೂನಿಗೆ, ಜಾಹೀರಾತಿಗೆ ಕಂಠದಾನ ಮಾಡುವುದು ಅವರ ಕಸುಬು. ಯಾರ ದನಿ ಬೇಕಾದರೂ ತೆಗೆಯಬಲ್ಲರು. ವಕೀಲರ ಅನುಮಾನ ಅವರ ಮೇಲೆ.

ಮತ್ತು ಒಂದು ಕಾಲಕ್ಕೆ ಅವರು ಕ್ಲೇಮಕ್ಕನ ‘ಅವರು’. ದೂರವಾಗಿ ಒಂಬತ್ತು ವರ್ಷ.

“ನಿಮಗೆ ಆಗದಿದ್ರೆ ಬೇರೆಯವರನ್ನ ಕಳಿಸ್ತಾರೆ,” ಎಂದರು ಡಾಕ್ಟರು ಮೆಲ್ಲಗೆ.

“ಆಗುತ್ತೆ. ಆ ರೆಕಾರ್ಡು ನನ್ನ ಫೋನಿಗೆ ಹಾಕಿಕೊಡಿ.”

ಕ್ಲಿನಿಕ್ಕಿದ್ದದ್ದು ಮೂರನೇ ಮಹಡಿಯಲ್ಲಿ. ಕೆಳಗಿಳಿಯಬೇಕಾದ ಕ್ಲೇಮಕ್ಕ ಲಿಫ್ಟಿನಲ್ಲಿ ಏಳನೆಯ ಗುಂಡಿ ಒತ್ತಿದಳು. ಬೇಕೆಂದೇ ಒತ್ತಿದಳು. “ಬಾಗಿಲು ಮುಚ್ಚುತ್ತಿದೆ, ದಯವಿಟ್ಟು ದೂರ ನಿಲ್ಲಿ,” ಎಂದಿತು ಲಿಫ್ಟಿನ ದನಿ. ಅದು ಕಂಠದವರ ದನಿ. ಊರಿನ ಅರ್ಧ ಲಿಫ್ಟುಗಳಲ್ಲಿ ಅವರದೇ ದನಿ. ನಾಲ್ಕನೇ ಮಹಡಿ, ಐದನೇ ಮಹಡಿ ಎಂದು ಅವರು ಹೇಳಿದ್ದನ್ನೆಲ್ಲ ಕೇಳುತ್ತ ಮೇಲೆ ಹೋಗಿ, ಮತ್ತೆ ಕೇಳುತ್ತ ಕೆಳಗೆ ಬಂದಳು. ಬೆಂಕಿ ಬಿದ್ದ ಅಂಗಡಿಗಳ ಬೂದಿ ಕೆದಕಿ ವಿಮೆ ಕಂಪನಿಗೆ ಸುಳ್ಳು ಕ್ಲೇಮು ಹಿಡಿದುಕೊಟ್ಟು ಆ ಹೆಸರು ಸಂಪಾದಿಸಿದ ಹೆಂಗಸು, ಐವತ್ತು ದಾಟಿದ ಮೇಲೆ ಲಿಫ್ಟಿನಲ್ಲಿ ಹೀಗೆ ಸುಮ್ಮನೆ ಸುತ್ತುತ್ತಾಳೆ ಎಂದರೆ ಯಾರು ನಂಬುತ್ತಾರೆ? ಆಸೆಗೆ ನಾಚಿಕೆ ಅಂತ ಒಂದು ಇದ್ದಿದ್ದರೆ ಚೆನ್ನಾಗಿತ್ತು.

ಕೆಳಗೆ ಭಾವ ಕಾರಿನ ಗಾಜು ಒರೆಸುತ್ತಿದ್ದರು.

“ಏನಮ್ಮ ನಾದಿನಿ, ಹಲ್ಲು ಕೀಳಿಸ್ಕೊಂಡು ಬಂದೋರ ಹಾಗೆ ಮುಖ ಮಾಡ್ಕೊಂಡಿದೀಯಲ್ಲ.”

“ಸ್ಟುಡಿಯೋಗೆ ನಡೀರಿ ಭಾವ.”

ಭಾವನ ಕೈಯಲ್ಲಿದ್ದ ಬಟ್ಟೆ ಗಾಜಿನ ಮೇಲೆ ನಿಂತಿತು. “ಅವರ ಸ್ಟುಡಿಯೋಗಾ?”

“ಹ್ಞೂಂ.”

ಭಾವ ಅಕ್ಕನ ಗಂಡ. ಫೋಟೋ ಸ್ಟುಡಿಯೋ ಇಟ್ಟಿದ್ದವರು, ಎಲ್ಲರ ಜೇಬಿಗೂ ಕ್ಯಾಮೆರಾ ಬಂದ ಮೇಲೆ ಬಾಡಿಗೆ ಕಾರು ಹಿಡಿದರು. ಅಕ್ಕ ಭಾವನ ಮನೆಯ ಮಹಡಿಯ ಕೋಣೆಯಲ್ಲೇ ಕ್ಲೇಮಕ್ಕನ ವಾಸ. ಅಕ್ಕ ಇಷ್ಟು ವರ್ಷದಲ್ಲಿ ಒಂದು ದಿನ, ಒಂದೇ ಒಂದು ದಿನ, ಕಂಠದವರ ವಿಷಯ ಎತ್ತಿದವಳಲ್ಲ. ಭಾವ ಹಾಗಲ್ಲ. ಏನೂ ಕೆದಕದೆ, ಏನೂ ಗೊತ್ತಿಲ್ಲದವರ ಹಾಗೆಯೇ, “ಅವರು ಹೇಗಿದ್ದಾರಮ್ಮ?” ಎಂದು ವಿಚಾರಿಸುವವರು. ಚಹಾಕ್ಕೆ ಬಂದವರ ಸ್ವಂತ ಗಾಡಿಗಳು ಬಾಗಿಲಲ್ಲಿ ಕಾಣದಿರಲೆಂದು ಬಳಗ ಒಂದು ನಂಬಿಕೆಯ ಕಾರು ಹುಡುಕಿದಾಗ, ಕ್ಲೇಮಕ್ಕ ಭಾವನ ಹೆಸರು ಹೇಳಿದ್ದಳು. ಅದರಲ್ಲಿ ಅವಳ ಸ್ವಾರ್ಥವೂ ಇತ್ತು. ಕಂಠದವರ ಅತಿಥಿಗಳನ್ನು ಮನೆ ಮುಟ್ಟಿಸಿ ಬಂದ ದಿನ ಭಾವ ಊಟಕ್ಕೆ ಕೂತು, “ಅವರು ಚೆನ್ನಾಗಿದ್ದಾರೆ. ಸ್ವಲ್ಪ ಸೊರಗಿದ್ದಾರೆ,” ಎಂದು ತಟ್ಟೆ ನೋಡುತ್ತ ಹೇಳುತ್ತಿದ್ದರು. ಆ ಎರಡು ಮಾತಿಗೆ ಅವಳು ವಾರವಿಡೀ ಕಾಯುತ್ತಿದ್ದಳು.

ದಾರಿಯುದ್ದಕ್ಕೂ ಭಾವ ತಮಾಷೆ ಮಾಡಲಿಲ್ಲ. ಕ್ಲೇಮಕ್ಕ ಅದನ್ನು ಗಮನಿಸಲಿಲ್ಲ. ಅವಳ ತಲೆಯಲ್ಲಿ ಒಂದೇ ಗುಂಗು. ಕಂಠದವರೇ ಆಗಿದ್ದರೆ ಸಂಜೆ ಆರಕ್ಕೆ ಎದ್ದು ನಿಂತು ಅವರ ಹೆಸರು ಹೇಳಬೇಕಾಗುತ್ತದೆ.

ಸ್ಟುಡಿಯೋದ ಗಾಜಿನಾಚೆ, ಕೊಳವೆಯಂಥ ಮೈಕಿನ ಮುಂದೆ ನಿಂತು, ನರೆತ ಜಡೆಯ ಹೆಂಗಸೊಬ್ಬರು ಕಾರ್ಟೂನಿನ ಮುದಿ ಕರಡಿಯ ದನಿಯಲ್ಲಿ ಕೆಮ್ಮುತ್ತಿದ್ದರು. ಕ್ಲೇಮಕ್ಕ ಬಾಗಿಲಲ್ಲೇ ನಿಂತಳು. ಜಡೆ ನರೆತಿದೆ. ಈ ಸುದ್ದಿ ಭಾವ ಹೇಳಿರಲಿಲ್ಲ.

ರೆಕಾರ್ಡು ಮಾಡುವವನು ಅವಳ ಮುಖ ನೋಡಿ ಚಹಾ ಕುಡಿಯುವ ನೆಪ ಹೇಳಿ ಎದ್ದುಹೋದ. ಅವಳು ಅವನ ಹೆಡ್‌ಫೋನ್ ಹಾಕಿಕೊಂಡು ಕೂತಳು.

“ಬಂದೆಯಾ,” ಎಂದಿತು ದನಿ, ನೇರ ಕಿವಿಯೊಳಗೆ. ಗಾಜಿನಾಚೆಯ ಉಸಿರು ಕೂಡ ಕೇಳುತ್ತಿತ್ತು. ಇಷ್ಟು ಹತ್ತಿರದಿಂದ ಆ ಉಸಿರು ಕೇಳಿ ಎಷ್ಟು ಕಾಲವಾಗಿತ್ತು. ಕೇಳಬೇಕಾದ ಪ್ರಶ್ನೆಗಳೆಲ್ಲ ಅವಳಿಗೆ ಮರೆತುಹೋದವು.

“ಕೆಲಸದ ಮೇಲೆ ಬಂದಿದೀನಿ. ನಿಮ್ಮನ್ನ ಒಂದೆರಡು ವಿಷಯ ಕೇಳೋದಿದೆ.”

“ನಿಮ್ಮನ್ನ?” ಕಂಠದವರು ನಕ್ಕರು. “ಒಂಬತ್ತು ವರ್ಷ ಸರ್ವಿಸ್ ಆಯ್ತು ಅಂತ ಬಡ್ತಿ ಕೊಟ್ಯಾ?”

“ತಮಾಷೆ ಬೇಡ. ಕರೆ ಬಂದ ನಾಲ್ಕೂ ಜನ ನೀವು ತಂದೋರು.”

“ಹೌದು.”

“ಅವರ ಹೆಸರು ನಿಮಗೆ ಮಾತ್ರ ಗೊತ್ತು.”

“ಗೊತ್ತು.”

“ಗಂಡಸಿನ ದನಿ ತೆಗೆಯೋದು ನಿಮಗೆ ನೀರು ಕುಡಿದಷ್ಟು ಸುಲಭ.”

“ಕರಡಿ ದನಿನೂ ಬರುತ್ತೆ. ಹಾಗಂತ ಕಾಡಿಗೆ ಹೋಗ್ಲಾ?” ಆಮೇಲೆ ನಗು ಇಳಿಯಿತು. “ಎಲ್ಲಿ, ಆ ಕರೆ ಕೇಳಿಸು.”

ಕ್ಲೇಮಕ್ಕ ತನ್ನ ಫೋನನ್ನು ಯಂತ್ರಕ್ಕೆ ಸಿಕ್ಕಿಸಿದಳು. ಆ ದಪ್ಪ ದನಿ ಇಬ್ಬರ ಕಿವಿಯಲ್ಲೂ ಒಟ್ಟಿಗೇ ಆಡಿತು. ಕಂಠದವರು ಕಣ್ಣು ಮುಚ್ಚಿ ಕೇಳಿದರು.

“ಇದು ಕೇಳಿದ ಮೇಲೂ ನನ್ನ ಮೇಲೆ ಅನುಮಾನ ಬಂತಾ ನಿಂಗೆ?”

“ಬಳಗದೋರ ಬಾಯಿ ಇದು. ‘ಅವರು’ ಅಂದಿದಾರೆ.”

“ಬಳಗದೋರು ಅಂತಾರೆ. ನಾನು ಯಾವತ್ತಾದ್ರೂ ಅಂದಿದೀನಾ?”

ಕ್ಲೇಮಕ್ಕ ಹೆಡ್‌ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡಳು.

“ನಿಮ್ಮ ಆಫೀಸಿನ ಪಾರ್ಟಿ,” ಎಂದರು ಕಂಠದವರು. ದನಿ ಏರಲಿಲ್ಲ, ಏರಿದ್ದರೇ ಸಹಿಸಬಹುದಿತ್ತು. “ನಾನು ನಿನ್ನ ಪಕ್ಕದಲ್ಲೇ ನಿಂತಿದ್ದೆ, ಕೈಯಲ್ಲಿ ಐಸ್‌ಕ್ರೀಮ್ ಹಿಡ್ಕೊಂಡು. ಮ್ಯಾನೇಜರು ಕೇಳಿದ್ರು, ನಿಮ್ಮನೆಯವರು ಬರ್ಲಿಲ್ವಾ ಅಂತ. ಅವರಿಗೆ ಪುರಸೊತ್ತಿಲ್ಲ ಅಂದೆ ನೀನು. ಅವರು ಯಾಕೆ ಬರ್ಲಿಲ್ವೋ ಪಾಪ, ಅಂತ ನಾನೂ ಯೋಚಿಸ್ತಾ ನಿಂತೆ. ಆವತ್ತಿಂದ ಆ ಮಾತು ನನ್ನ ಬಾಯಲ್ಲಿ ಬಂದಿಲ್ಲ. ಡಾಕ್ಟರ ಜೊತೆಗಾರನ್ನ ನಾನು ‘ಅವನು’ ಅಂತೀನಿ. ಡಾಕ್ಟರಿಗೆ ಮೊದಲು ಕೋಪ ಬರ್ತಿತ್ತು, ಈಗ ಇಷ್ಟ ಆಗುತ್ತೆ. ಹೋಗಿ ಕೇಳು.”

ಗಾಜಿನ ಮೇಲೆ ಕ್ಲೇಮಕ್ಕನ ಮುಖವೂ ಅವರ ಮುಖವೂ ಒಂದರ ಮೇಲೊಂದು ಬಿದ್ದಿದ್ದವು. ಅವಳ ಎದೆಯಿಂದ ಒಂದು ದೊಡ್ಡ ಕಲ್ಲು ಇಳಿಯಿತು. ಅವರಲ್ಲ. ಅವರಲ್ಲವೇ ಅಲ್ಲ. ಅಳು ಬರುವಷ್ಟು ಸಂತೋಷವಾಗಿ, ಅದರ ಹಿಂದೆಯೇ, ಇಂಥವರ ಮೇಲೆ ಅನುಮಾನ ಹೊತ್ತು ಬಂದೆನಲ್ಲ ಎಂಬ ಸಂಕಟವೂ ಬಂತು.

“ಮತ್ತೆ ಯಾರದು ಇದು?” ಎಂದಳು.

“ಯಾರೋ ದನಿ ಬದಲಾಯಿಸಿ ಮಾತಾಡಿದ್ದಲ್ಲ. ತನ್ನ ದನೀಲೇ ಮಾತಾಡಿದಾನೆ. ಫೋನಿನಲ್ಲಿ ಸಿಗುತ್ತಲ್ಲ, ದನಿ ದಪ್ಪ ಮಾಡೋ ಆ್ಯಪು, ಅದು ಇಳಿಸಿದೆ.” ಕಂಠದವರು ಹೊರಗೆ ಬಂದು ಅವಳ ಪಕ್ಕದ ಕುರ್ಚಿಯಲ್ಲಿ ಕೂತರು. “ಇಳಿಸಿದ್ದನ್ನ ಏರಿಸೋಕಾಗುತ್ತೆ. ತಾಳು.”

ಅವರ ಮೊಣಕೈ ಇವಳ ಮೊಣಕೈಗೆ ತಾಗಿತು. ಇಬ್ಬರೂ ತೆಗೆಯಲಿಲ್ಲ.

ಕಂಠದವರು ಒಂದು ತಿರುಗುಗುಂಡಿಯನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿದರು. ಡ್ರಮ್ಮಿನೊಳಗಿನ ದನಿ ಮೇಲೆ ಬರತೊಡಗಿತು. ಮೊದಲು ಯಾವನೋ ದಡಿಯ. ಆಮೇಲೆ ನೆಗಡಿಯಾದ ಒಬ್ಬ ಗಂಡಸು. ಇನ್ನೊಂಚೂರು ತಿರುಗಿಸಿದಾಗ ಅರವತ್ತರ ಹತ್ತಿರದ, ತುಸು ನಡುಗುವ, ಬೈದು ಅಭ್ಯಾಸವಿಲ್ಲದ ಒಂದು ದನಿ ಸ್ಪಷ್ಟವಾಗಿ ಹೇಳಿತು: “ಹುಷಾರಾಗಿರೋಕೆ ಹೇಳು ಅವರಿಗೆ.”

ಕ್ಲೇಮಕ್ಕ ಹೆಡ್‌ಫೋನ್ ಕಿತ್ತಳು.

ಕಂಠದವರೂ ಗುರುತಿಸಿದ್ದರು. ಅವರ ಅತಿಥಿಗಳನ್ನು ಎಷ್ಟೋ ಸಂಜೆ ಬಾಗಿಲಲ್ಲಿ ಕಾದು ಕರೆದೊಯ್ದ ದನಿ ಅದು. ಹಿಂದಿನ ಸೀಟಿನಲ್ಲಿ ಕೂತವರು ಮುಂದಿನ ಸೀಟಿನ ಮನುಷ್ಯನನ್ನು ಮರೆತು ಎಷ್ಟೆಲ್ಲ ಮಾತಾಡಿಕೊಂಡಿರಬೇಕು. ಅಮ್ಮನಿಗೆ ಗೊತ್ತಿಲ್ಲ ಎಂಬುದು, ಬೆಳಗಿನ ವಾಕಿಂಗು, ಎಲ್ಲ.

“ಅವರು ಬಳಗದೋರಲ್ವಲ್ಲ. ಆ ಅಭ್ಯಾಸ ಎಲ್ಲಿಂದ ಬಂತು?” ಎಂದರು ಕಂಠದವರು.

“ನನ್ನಿಂದ,” ಎಂದಳು ಕ್ಲೇಮಕ್ಕ. “ನಿನ್ನ ವಿಷಯ ಮಾತಾಡಿ ಮಾತಾಡಿ.”

‘ನಿನ್ನ’ ಎಂದದ್ದು ಅವಳಿಗೇ ಗೊತ್ತಾಗಲಿಲ್ಲ. ಕಂಠದವರಿಗೆ ಗೊತ್ತಾಯಿತು. ಅವರು ತಮ್ಮ ಕೈಯನ್ನು ಅವಳ ಕೈ ಮೇಲೆ ಒಂದು ಕ್ಷಣ ಇಟ್ಟು, ತೆಗೆದರು.

“ಆರು ಗಂಟೆಗೆ ಯಾರ ಹೆಸರು ಹೇಳ್ತೀಯ? ನನ್ನದು ಹೇಳೋಕೆ ತಯಾರಾಗಿ ಬಂದಿದ್ದೆ ನೀನು. ಇದೂ ಹೇಳ್ತೀಯಾ?”

ಕ್ಲೇಮಕ್ಕ ಮೆಟ್ಟಿಲಿಳಿದಳು.

ಭಾವ ಡ್ರೈವರ್ ಸೀಟಿನಲ್ಲಿ ನೆಟ್ಟಗೆ ಕೂತಿದ್ದರು. ಅವಳು ಪಕ್ಕದಲ್ಲಿ ಕೂತು ಬಾಗಿಲು ಎಳೆದುಕೊಂಡಳು.

“ಸಿಕ್ಕಿದ್ರಾ? ಅವರು ಚೆನ್ನಾಗಿದ್ದಾರಾ?” ಎಂದರು ಭಾವ, ಎಂದಿನ ಹಾಗೇ.

“ಅವಳು ಚೆನ್ನಾಗಿದ್ದಾಳೆ ಭಾವ.”

ಅವಳ ಬಾಯಲ್ಲಿ ಆ ಮಾತು ಭಾವ ಕೇಳಿದ್ದು ಅದೇ ಮೊದಲು. ಅವರು ತಿರುಗಿ ನೋಡಿದರು. ಅವಳ ಮುಖದಲ್ಲಿ ಏನು ಓದಿದರೋ, ಕೀಲಿಯ ಮೇಲಿದ್ದ ಕೈಯನ್ನು ತೊಡೆಯ ಮೇಲಿಟ್ಟುಕೊಂಡರು.

“ಗೊತ್ತಾಯ್ತಾ?”

“ಯಾಕೆ ಭಾವ?”

“ನಾನು ಬಂದು ಅವರು ಚೆನ್ನಾಗಿದ್ದಾರೆ ಅಂದಾಗೆಲ್ಲ ನೀನು ಊಟ ಅರ್ಧಕ್ಕೆ ಬಿಟ್ಟು ಮೇಲೆ ಹೋಗ್ತಿದ್ದೆ. ಬೆಳಗ್ಗೆ ಕಣ್ಣು ಊದಿರೋದು. ಎಷ್ಟು ದಿನ ಅಂತ ನೋಡ್ಲಿ?” ಭಾವ ಕಿಟಕಿಯಾಚೆ ನೋಡುತ್ತಿದ್ದರು. “ಈ ಬಳಗ ಒಂದು ಮುಚ್ಚಿಹೋದ್ರೆ ಅವರು ಅವರ ಪಾಡಿಗೆ, ನೀನು ನಿನ್ನ ಪಾಡಿಗೆ ಆಗ್ತೀರಿ, ನೀನೂ ಮರೀತೀಯ ಅಂದ್ಕೊಂಡೆ. ನಾಲ್ಕು ಮಾತು ಹೆದರಿಸಿ ಬಿಡೋಣ ಅಂತ, ಅಷ್ಟೇ ಕಣಮ್ಮ.”

“ಅಷ್ಟೇನಾ? ಬೇಕರಿಯವರಪ್ಪ ಆಸ್ಪತ್ರೇಲಿ ಬಿದ್ದಿದಾರೆ.”

“ಅದು ನಾನಲ್ಲ.”

“ಭಾವ.”

“ನಿನ್ನಾಣೆ ನಾನಲ್ಲ. ನಾನು ಮಾಡಿದ್ದು ಮೂರು. ಡಾಕ್ಟರಿಗೆ ಮಾಡ್ತಾ ಇದ್ದಾಗ ನಿಮ್ಮಕ್ಕ ಬಾಗಿಲ ಹತ್ರ ನಿಂತಿದ್ಲು. ನಾನು ನೋಡಿರ್ಲಿಲ್ಲ. ಬೈತಾಳೆ ಅಂದ್ಕೊಂಡೆ. ಬೈಲಿಲ್ಲ. ಹಿಂಗೆಲ್ಲ ಮರ್ಯಾದೆಯಾಗಿ ಮಾತಾಡಿದ್ರೆ ಯಾರು ಹೆದರ್ತಾರೆ, ಕೊಡಿ ಇಲ್ಲಿ ಅಂತ ಕೈ ಚಾಚಿದ್ಲು. ನನ್ನ ಫೋನು ಇಸ್ಕೊಂಡು ರೂಮಿಗೆ ಹೋಗಿ ಚಿಲಕ ಹಾಕೊಂಡ್ಲು.”

ಕ್ಲೇಮಕ್ಕನ ಕೋಣೆಗೆ ದಿನಾ ಎರಡು ಹೊತ್ತು ಕಾಫಿ ತಂದಿಡುವ ಅಕ್ಕ. ಜ್ವರ ಬಂದರೆ ರಾತ್ರಿಯಿಡೀ ಪಕ್ಕದಲ್ಲಿ ಕೂರುವ ಅಕ್ಕ. ಆ ವಿಷಯ ಒಂದು ದಿನವೂ ಎತ್ತದ ಅಕ್ಕ.

“ಏನಂದ್ಲು ಆ ಮುದುಕರಿಗೆ?”

“ಗೊತ್ತಿಲ್ಲ. ಕೇಳೋ ಧೈರ್ಯ ಬರ್ಲಿಲ್ಲ. ಸಭೇಲಿ ನನ್ನ ಹೆಸರು ಹೇಳ್ಬಿಡಮ್ಮ. ನಾಲ್ಕೂ ನಾನೇ ಮಾಡಿದ್ದು ಅಂತ ಹೇಳ್ಬಿಡು, ನಾನು ಒಪ್ಕೋತೀನಿ. ಅವಳ ಹೆಸರು ಬೇಡ.”

ಹಿಂದಿನ ಬಾಗಿಲು ತೆರೆಯಿತು. ಹೆಗಲಿಗೆ ಚೀಲ ಹಾಕಿಕೊಂಡು ಬಂದ ಕಂಠದವಳು ಒಳಗೆ ಕೂತು, ಬಾಗಿಲು ಮುಚ್ಚಿ, ಮುಂದಿನ ಎರಡು ತಲೆಗಳನ್ನು ಒಂದೊಂದಾಗಿ ನೋಡಿದಳು.

“ಆರು ಗಂಟೆ ಸಭೆಗೆ ನಾನೂ ಹೋಗ್ಬೇಕು. ಇದೇ ಕಾರಲ್ಲಿ ಬಂದ್ರೆ ಯಾರದಾದ್ರೂ ಅಭ್ಯಂತರ ಇದೆಯಾ?”

ಭಾವ ಕನ್ನಡಿಯಲ್ಲಿ ಅವಳ ಕಣ್ಣು ತಪ್ಪಿಸುತ್ತ, ಕೀಲಿ ತಿರುಗಿಸಿದರು.

“ವಕೀಲರ ಮನೆಗೆ ತಾನೆ?” ಎಂದು ಕೇಳಿದರು, ಯಾರನ್ನೂ ನೋಡದೆ.

“ಅಲ್ಲ,” ಎಂದಳು ಕ್ಲೇಮಕ್ಕ. “ನಮ್ಮನೆಗೆ.”

ಭಾವ ಹೌಹಾರಿದರು. “ಅವರನ್ನ ಕರ್ಕೊಂಡಾ? ನಿಮ್ಮಕ್ಕ ಇದ್ದಾಳಮ್ಮ ಮನೇಲಿ.”

“ಅವಳಿದ್ದಾಳೆ ಅಂತಾನೇ ಹೋಗ್ತಿರೋದು ಭಾವ. ಸಭೆಗೆ ಮುಂಚೆ ಅವಳ ಬಾಯಿಂದಲೇ ಕೇಳ್ಬೇಕು. ಗಾಡಿ ತೆಗೀರಿ.”